ಯಾರಿಗೆ ರಕ್ಷಣೆ? ‘ಲೂಮೆನ್ ಜೆನ್ಸಿಯುಮ್’ 14 ಮತ್ತು 16 ಓದುವ ಬಗೆ

ಕ್ರೈಸ್ತರಲ್ಲದವರಿಗೂ ರಕ್ಷಣೆ (ಪಾಪದಿಂದ ಬಿಡುಗಡೆ) ಉಂಟೇ ಎಂಬ ಪ್ರಶ್ನೆಗೆ ಕ್ರೈಸ್ತ ದೇವಶಾಸ್ತ್ರದಲ್ಲಿ ಮೂರು ಉತ್ತರಗಳಿವೆ. ಪ್ರತ್ಯೇಕತಾವಾದ, ಒಳಗೊಳ್ಳುವ ವಾದ, ಬಹುತ್ವವಾದ: ಮೂರೂ ಹೆಸರು ದೇವಶಾಸ್ತ್ರ ಓದುವ ಎಲ್ಲರಿಗೂ ಬಾಯಿಪಾಠ. ಧರ್ಮಸಭೆಯ (ಚರ್ಚಿನ) ಬಗ್ಗೆ 2ನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ‘ಲೂಮೆನ್ ಜೆನ್ಸಿಯುಮ್’ನಂಥ ಒಂದು ಪಠ್ಯ ಕೈಗಿಟ್ಟು ‘ಇದು ಯಾವ ವಾದ?’ ಎಂದಾಗಲೇ ತೊಡಕು. ಆಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ. ರಕ್ಷಣೆ ಯಾರಿಂದ? ರಕ್ಷಣೆ ಹೊಂದುವವರಿಗೆ ಆತ ಯಾರೆಂದು ಗೊತ್ತಿರಲೇಬೇಕೇ?

ಕ್ರಿಸ್ತನಿಂದ ಮಾತ್ರ, ತಿಳಿದು ನಂಬಲೇಬೇಕು ಎಂದರೆ ಪ್ರತ್ಯೇಕತಾವಾದ. ಕ್ರಿಸ್ತನಿಂದ ಮಾತ್ರ, ಆದರೆ ಆತನನ್ನು ಅರಿಯದವರಿಗೂ ಆ ಕೃಪೆ ಮುಟ್ಟಬಹುದು ಎಂದರೆ ಒಳಗೊಳ್ಳುವ ವಾದ. ಕ್ಯಾಥೊಲಿಕ್ ದೇವಶಾಸ್ತ್ರಜ್ಞ ಕಾರ್ಲ್ ರಾನರ್ ಅವರ ‘ಅನಾಮಧೇಯ ಕ್ರೈಸ್ತ’ (ಕ್ರಿಸ್ತನನ್ನು ಅರಿಯದೆಯೂ ಆತನ ಕೃಪೆ ಪಡೆದವನು) ಇಲ್ಲಿಯವನು. ‘ಕ್ರಿಸ್ತನಿಂದ ಮಾತ್ರ’ ಎಂಬುದನ್ನೇ ಕೈಬಿಟ್ಟರೆ ಬಹುತ್ವವಾದ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ದೇವಶಾಸ್ತ್ರಜ್ಞ ಸ್ಟ್ಯಾನ್ಲಿ ಸಮರ್ಥ ಅವರ ದೇವಕೇಂದ್ರಿತ (ಕ್ರಿಸ್ತನ ಬದಲು ದೇವರನ್ನೇ ನಡುವಿಗಿಡುವ) ನಿಲುವನ್ನು ಸಾಮಾನ್ಯವಾಗಿ ಈ ಸಾಲಿನಲ್ಲಿಡುತ್ತಾರೆ. ‘ಕೊನೆಗೆ ಎಲ್ಲರಿಗೂ ರಕ್ಷಣೆ’ ಎಂಬ ವಾದವನ್ನು ಇದರೊಳಗೆ ತುರುಕಬೇಡಿ. ಅದು ಎಷ್ಟು ಜನ ಎಂಬ ಪ್ರಶ್ನೆ, ಹೇಗೆ ಎಂಬುದಲ್ಲ.

ಹಿನ್ನೆಲೆ ಇಷ್ಟು ಸಾಕು. ‘ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ’ ಎಂಬ ಮಾತು 3ನೇ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯಾನರದು. ಅವರ ಮುಂದಿದ್ದದ್ದು ಸಭೆಯಿಂದ ಒಡೆದುಹೋದವರ ಸಮಸ್ಯೆ. 1442ರಲ್ಲಿ ಬಿಷಪರ ಫ್ಲಾರೆನ್ಸ್ ಮಹಾಸಭೆ ಅದನ್ನು ಯೆಹೂದ್ಯರಿಗೂ ಅನ್ಯಧರ್ಮೀಯರಿಗೂ ಹಿಗ್ಗಿಸಿತು. 1863ರಲ್ಲಿ ಪೋಪ್ 9ನೇ ಪಿಯುಸ್ ‘ತಮ್ಮ ತಪ್ಪಿಲ್ಲದೆ ಅರಿಯದವರು’ ಎಂಬ ವಿನಾಯಿತಿಯನ್ನು ಎತ್ತಿ ಹೇಳಿದರು. ಬಾಸ್ಟನ್‌ನ ಪಾದ್ರಿ ಲೆನಾರ್ಡ್ ಫೀನಿ ಹಳೆಯ ಮಾತನ್ನು ಅಕ್ಷರಶಃ ಹಿಡಿದಾಗ, 1949ರಲ್ಲಿ ರೋಮ್ ಅದು ಸರಿಯಲ್ಲವೆಂದು ಪತ್ರ ಬರೆಯಿತು.

ಈಗ 1964ರ ‘ಲೂಮೆನ್ ಜೆನ್ಸಿಯುಮ್’. ಹೆಚ್ಚಿನವರು 16ನೇ ಪರಿಚ್ಛೇದವೊಂದನ್ನೇ ಓದಿ ‘ಒಳ್ಳೆಯವರೆಲ್ಲ ಸ್ವರ್ಗಕ್ಕೆ’ ಎಂದು ಬರೆದುಬಿಡುತ್ತಾರೆ. ಅಲ್ಲಿ ಹಾಗಿಲ್ಲ. ಷರತ್ತುಗಳನ್ನು ಬಿಡಿಸಿ ನೋಡಿ: ಶುಭಸಂದೇಶ ಅರಿಯದಿರುವುದು ತನ್ನ ತಪ್ಪಿನಿಂದ ಆಗಿರಬಾರದು; ದೇವರನ್ನು ಪ್ರಾಮಾಣಿಕವಾಗಿ ಅರಸುತ್ತಿರಬೇಕು; ಮನಸ್ಸಾಕ್ಷಿ ತಿಳಿಸಿದ ದೇವರ ಚಿತ್ತದಂತೆ ಬಾಳಲು ಯತ್ನಿಸಬೇಕು, ಅದೂ ಕೃಪೆಯ ಪ್ರೇರಣೆಯಿಂದ. ಈ ‘ಕೃಪೆಯ ಪ್ರೇರಣೆ’ ಬಿಟ್ಟರೆ ಇಡೀ ಉತ್ತರ ಕೆಟ್ಟಿತು. ಆಗ ಮನುಷ್ಯ ತನ್ನ ಒಳ್ಳೆಯತನದಿಂದಲೇ ಪಾರಾಗುತ್ತಾನೆ ಎಂದಾಗುತ್ತದೆ, ಮೊದಲ ಪ್ರಶ್ನೆಗೆ ‘ತನ್ನಿಂದಲೇ’ ಎಂದು ಉತ್ತರಿಸಿದಂತಾಗುತ್ತದೆ. ಅಗಸ್ಟೀನರು ಪೆಲಾಜಿಯುಸರೊಡನೆ ಜಗಳವಾಡಿದ್ದು ಇದೇ ವಿಷಯಕ್ಕೆ. ಷರತ್ತು ಪೂರೈಸಿದರೂ ಪಠ್ಯ ಹೇಳುವುದು ‘ಹೊಂದಬಲ್ಲರು’ ಎಂದೇ ಹೊರತು ‘ಹೊಂದಿಯೇ ತೀರುತ್ತಾರೆ’ ಎಂದಲ್ಲ. ಪರಿಚ್ಛೇದದ ಕೊನೆಯಲ್ಲಿ, ಕೇಡಿಗನಿಂದ ಮೋಸಹೋಗಿ ಜನ ಅನೇಕ ಸಲ ದಾರಿ ತಪ್ಪುತ್ತಾರೆ, ಆದ್ದರಿಂದ ಧರ್ಮಪ್ರಚಾರ ಬೇಕು ಎಂಬ ಮಾತೂ ಇದೆ. ಅದನ್ನು ಯಾಕೋ ಹೆಚ್ಚಿನವರು ಉಲ್ಲೇಖಿಸುವುದಿಲ್ಲ.

14ನೆಯದು ಇದರ ಇನ್ನೊಂದು ಮಗ್ಗುಲು. ಧರ್ಮಸಭೆ ಅಗತ್ಯವೆಂದು *ತಿಳಿದೂ* ಒಳಬರದವರಿಗೆ, ಒಳಗೆ ಉಳಿಯದವರಿಗೆ ರಕ್ಷಣೆಯಿಲ್ಲ. ಒಳಗಿದ್ದೂ ಪ್ರೀತಿಯಲ್ಲಿ ನೆಲೆಗೊಳ್ಳದವರಿಗೂ ಇಲ್ಲ. ಅಂಥವರು ಸಭೆಯಲ್ಲಿರುವುದು ದೇಹದಿಂದ ಮಾತ್ರ, ಹೃದಯದಿಂದಲ್ಲ. ಹಾಗಾಗಿ ಜ್ಞಾನಸ್ನಾನದ (ಬ್ಯಾಪ್ಟಿಸಂನ) ದಾಖಲೆ ಪುಸ್ತಕ ನೋಡಿ ಒಳಗಿನವರು, ಹೊರಗಿನವರು ಎಂದು ಲೆಕ್ಕ ಹಾಕಲಾಗದು.

ಬೈಬಲ್ ಆಧಾರಕ್ಕೆ 1 ತಿಮೊಥೇಯ 2:4-5 ಒಂದೇ ಸಾಕು: ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಚ್ಛೆ, ಮಧ್ಯಸ್ಥ ಮಾತ್ರ ಒಬ್ಬನೇ. ರೋಮನ್ ಸೇನಾಧಿಕಾರಿ ಕೊರ್ನೇಲಿಯನನ್ನು ಉದಾಹರಣೆಯಾಗಿ ಕರೆತರುವುದಾದರೆ ಎಚ್ಚರ. ಜ್ಞಾನಸ್ನಾನಕ್ಕೆ ಮೊದಲೇ ಅವನ ಮೇಲೆ ಪವಿತ್ರಾತ್ಮ ಇಳಿದುಬಂದದ್ದು ನಿಜ (ಪ್ರೇಷಿತರ ಕಾರ್ಯಕಲಾಪಗಳು 10:44-48). ಆದರೆ ಅದು ಪೇತ್ರ ಕ್ರಿಸ್ತನ ವಿಷಯ ಸಾರುತ್ತಿದ್ದಾಗ. 11:14ರ ಪ್ರಕಾರ ಅವನಿಗೆ ರಕ್ಷಣೆ ತರುವುದು ಪೇತ್ರ ಹೇಳಲಿದ್ದ ಮಾತುಗಳು. ಪ್ರತ್ಯೇಕತಾವಾದಿಗಳು ಹಿಡಿಯುವುದು ಈ ವಚನವನ್ನೇ.