ಅಗ್ನಿಶಾಮಕರನ್ನು ಕೊಲ್ಲುವುದು ಬರೀ ಬೆಂಕಿಯಲ್ಲ

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರಿಗೆ ಗೌರವ ಸಲ್ಲುತ್ತದೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿದ್ದ ಎಸ್.ಎಸ್. ಫೋರ್ಟ್ ಸ್ಟಿಕೀನ್ ಹಡಗು ಸಿಡಿದು 66 ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕವಿತ್ತು. ಬೆಂಕಿ ಕಾಣಿಸಿಕೊಂಡದ್ದು ಮಾತ್ರ ಹತ್ತಿಯ ಬೇಲುಗಳಿದ್ದ ಕಡೆ. ಹತ್ತಿಯಿಂದಲೇ ಬೆಳೆದ ದಾವಣಗೆರೆಯವರಿಗೆ ಈ ಬೆಂಕಿಯ ಸ್ವಭಾವವನ್ನು ಹೊಸದಾಗಿ ಹೇಳಬೇಕಿಲ್ಲ. ಮೇಲೆ ನೀರು ಸುರಿದು ಆರಿತೆಂದುಕೊಂಡ ಬೇಲು ಒಳಗೊಳಗೇ ಕನಲುತ್ತಿದ್ದು, ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುತ್ತದೆ. ಸ್ಫೋಟಕದ ಹಡಗಿಗೆ ಕರಾಚಿಯಲ್ಲಿ ಹತ್ತಿ ತುಂಬಿಸಿದ ತೀರ್ಮಾನದಲ್ಲಿ, ನೀರು ಹಾಯಿಸುತ್ತಲೇ ಸತ್ತವರ ಪಾಲು ಏನೂ ಇರಲಿಲ್ಲ.

ಕರ್ತವ್ಯದ ವೇಳೆಯ ಸಾವಿನ ತನಿಖೆಯಲ್ಲಿ ಇದೇ ಮುಖ್ಯ ವಿಷಯ. ನಮ್ಮಲ್ಲಿ ತನಿಖೆ ಎಂದೊಡನೆ ತಪ್ಪಿತಸ್ಥ ಯಾರೆಂಬ ಹುಡುಕಾಟ ಶುರುವಾಗುತ್ತದೆ. ಆ ಭಯಕ್ಕೆ, ಕಂಡದ್ದನ್ನು ಕಂಡಂತೆ ಹೇಳಬೇಕಾದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಮೆರಿಕದಲ್ಲಿ 1998ರಿಂದ ಅಲ್ಲಿನ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಡೆಸುತ್ತಿರುವ ತನಿಖೆಯ ಜಾಡು ಬೇರೆ. ಅದು ಯಾರಿಗೂ ದಂಡ ಹಾಕುವುದಿಲ್ಲ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಕಟ್ಟಡದ ರಚನೆ, ರೇಡಿಯೊ ಸಂದೇಶಗಳು, ತರಬೇತಿ, ಮೃತರ ವೈದ್ಯಕೀಯ ದಾಖಲೆ, ಧರಿಸಿದ್ದ ಉಪಕರಣಗಳು ಇವನ್ನೆಲ್ಲ ಪರಿಶೀಲಿಸಿ, ಸಾವಿಗೆ ದಾರಿಯಾದ ಕಾರಣಗಳನ್ನೂ ಅವನ್ನು ತಡೆಯುವ ಬಗೆಯನ್ನೂ ಬರೆದು, ಬೇರೆ ಊರಿನ ಠಾಣೆಗಳೂ ಓದಲೆಂದು ಪ್ರಕಟಿಸುತ್ತದೆ.

ಆ ವರದಿಗಳನ್ನು ಓದಿದವರಿಗೆ ಮೊದಲು ಅಚ್ಚರಿ ತರುವ ಸಂಗತಿ ಹೃದಯದ್ದು. ಅಲ್ಲಿ ಕರ್ತವ್ಯದ ವೇಳೆ ಸಾಯುವ ಅಗ್ನಿಶಾಮಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯನ್ನು ಬಲಿ ತೆಗೆದುಕೊಂಡದ್ದು ಜ್ವಾಲೆಯಲ್ಲ, ಹೃದಯಾಘಾತ. ಬೆಂಕಿ ನಂದಿಸುವ ಕೆಲಸಕ್ಕೆ ಅವರ ಒಟ್ಟು ಸಮಯದಲ್ಲಿ ಹೋಗುವುದು ಶೇಕಡಾ 1ರಿಂದ 5 ಮಾತ್ರ. ಆದರೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಹೃದ್ರೋಗದ ಸಾವುಗಳಲ್ಲಿ ಶೇಕಡಾ 32 ಸಂಭವಿಸಿದ್ದು ಆ ಅಲ್ಪ ಅವಧಿಯಲ್ಲೇ. ಕಾರಣ ದೇಹದೊಳಗೇ ಇದೆ. ಮಲಗಿದ್ದವರು ಗಂಟೆಯ ಸದ್ದಿಗೆ ಎದ್ದು ಓಡುವಾಗಲೇ ನಾಡಿ ಏರಿರುತ್ತದೆ. ಇಪ್ಪತ್ತು ಕಿಲೋಗೂ ಮಿಕ್ಕಿದ ಉಡುಪು, ಸಿಲಿಂಡರು ಹೊತ್ತು ಮೆಟ್ಟಿಲೇರುವಾಗ ಬೆವರು ಸುರಿದು ರಕ್ತದ ದ್ರವಾಂಶ ಕಡಿಮೆಯಾಗುತ್ತದೆ, ದೇಹದ ಕಾವು ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಬೆಳೆಯುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಸೇರಿದರೆ ಆಮ್ಲಜನಕವೂ ಕೊರತೆ. ಮೊದಲೇ ಕಿರಿದಾದ ರಕ್ತನಾಳವುಳ್ಳವರಿಗೆ ಇಷ್ಟು ಸಾಕು. ಏಪ್ರಿಲ್, ಮೇ ತಿಂಗಳ ಚಿತ್ರದುರ್ಗದ ಬಿಸಿಲಿನಲ್ಲಿ ಈ ಹೊರೆ ಇನ್ನೂ ಭಾರವಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಹಾಗಾಗಿ ವರ್ಷಕ್ಕೊಮ್ಮೆ ನಿಜವಾದ ಹೃದಯ ತಪಾಸಣೆ, ಸರದಿಯ ವಿಶ್ರಾಂತಿ, ಕುಡಿಯುವ ನೀರು ಇವೂ ಜಲವಾಹನದಷ್ಟೇ ಅಗತ್ಯದ ಸಲಕರಣೆಗಳು ಎಂದು ನನ್ನ ಅಭಿಪ್ರಾಯ.

ಕಟ್ಟಡದ ಪಾಠ ಇನ್ನೊಂದು. 1999ರ ಡಿಸೆಂಬರ್ 3ರಂದು ಅಮೆರಿಕದ ವೂಸ್ಟರ್ ನಗರದಲ್ಲಿ ಪಾಳುಬಿದ್ದ ಶೀತಲ ಗೋದಾಮಿನೊಳಗೆ ಯಾರೋ ಇದ್ದಾರೆಂದು ಹುಡುಕಲು ಹೋದ ಇಬ್ಬರು ಹೊಗೆಯಲ್ಲಿ ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದ ನಾಲ್ವರೂ ಹಿಂದಿರುಗಲಿಲ್ಲ. ಕಿಟಕಿಗಳೇ ಇಲ್ಲದಂಥ ಗೋಡೆಗಳು, ಒಂದರಂತೆ ಇನ್ನೊಂದು ಕಾಣುವ ಒಳಕೋಣೆಗಳು. ಇಂಥ ಕಟ್ಟಡಗಳಿಗೆ ನಮ್ಮಲ್ಲೂ ಬರವಿಲ್ಲ: ಮೆಕ್ಕೆಜೋಳದ ಗೋದಾಮು, ಜಿನ್ನಿಂಗ್ ಫ್ಯಾಕ್ಟರಿ, ಚಳ್ಳಕೆರೆಯ ಎಣ್ಣೆ ಗಿರಣಿ. ತಗಡಿನ ಚಾವಣಿ ಹೊತ್ತ ಉಕ್ಕಿನ ತೊಲೆ 550ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಂಡಿರುತ್ತದೆ. ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ, ವಿದ್ಯುತ್ತಿನ ಮುಖ್ಯ ಸ್ವಿಚ್ ಎಲ್ಲಿದೆ, ಒಳಗೆ ಏನಿದೆ ಎಂಬುದನ್ನು ಬೆಂಕಿ ಬೀಳದ ದಿನವೇ ನೋಡಿ ಬರೆದಿಟ್ಟುಕೊಳ್ಳಬೇಕು. ಕೋಲ್ಕತ್ತದ ರೈಲ್ವೆ ಕಚೇರಿಯೊಂದರ ಬೆಂಕಿಯಲ್ಲಿ 2021ರ ಮಾರ್ಚ್ 8ರಂದು ಸತ್ತ ಒಂಬತ್ತು ಮಂದಿಯಲ್ಲಿ ನಾಲ್ವರು ಅಗ್ನಿಶಾಮಕರು. ಲಿಫ್ಟ್ ಹತ್ತಿದ್ದು ಅಲ್ಲಿ ಮೃತ್ಯುವಾಯಿತು.

ಒಳಗಿನ ಗಾಳಿ ಕೆಟ್ಟಿರಬಹುದಾದ ಹಳೆಯ ಬಾವಿಗೆ ಇಳಿಯುವ ರಕ್ಷಣಾ ಕಾರ್ಯವೂ ಇದೇ ಸಾಲಿನದು. ಉಸಿರಾಟದ ಉಪಕರಣವಿಲ್ಲದೆ ಬರೀ ಹಗ್ಗ ಕಟ್ಟಿಕೊಂಡು ಇಳಿಯುವುದನ್ನು ಧೈರ್ಯವೆಂದು ಹೊಗಳುವುದು ಸಲ್ಲದು.

ಆ ಉಪಕರಣವನ್ನು ಠಾಣೆಯಲ್ಲಿ ಬಿ.ಎ. (ಬ್ರೀದಿಂಗ್ ಅಪರೇಟಸ್) ಸೆಟ್ ಎನ್ನುತ್ತಾರೆ. 6 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡ ತುಂಬಿದರೆ ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಬಳಸಿದರೆ 45 ನಿಮಿಷ ಬರುವ ಇದು, ಏದುಸಿರಿನಲ್ಲಿ 80 ಲೀಟರ್ ಬಳಸಿದರೆ 22 ನಿಮಿಷಕ್ಕೆ ಮುಗಿಯುತ್ತದೆ. ಎಚ್ಚರಿಕೆಯ ಸೀಟಿ ಕೂಗುವುದು ಸುಮಾರು 55 ಬಾರ್‌ಗೆ ಇಳಿದಾಗ, ಎಂದರೆ ಅದೇ ಏದುಸಿರಿನ ಲೆಕ್ಕದಲ್ಲಿ ನಾಲ್ಕು ನಿಮಿಷದ ಗಾಳಿ ಉಳಿದಿರುವಾಗ. ಉದ್ದನೆಯ ಗೋದಾಮಿನ ಒಳತುದಿಯಿಂದ ಹೊಗೆಯಲ್ಲಿ ತಡವರಿಸುತ್ತಾ ಬರಲು ನಾಲ್ಕು ನಿಮಿಷ ಸಾಲದು. ಅದಕ್ಕಾಗಿ ಬಾಗಿಲಲ್ಲಿ ಒಬ್ಬರು ಬೇರಾವ ಕೆಲಸಕ್ಕೂ ಕೈಹಾಕದೆ, ಒಳಹೋದವರ ಹೆಸರು, ಹೋದ ಸಮಯ, ಸಿಲಿಂಡರಿನ ಒತ್ತಡ ಬರೆದ ಫಲಕ ಹಿಡಿದು ನಿಲ್ಲಬೇಕು; ಸೀಟಿ ಕೂಗುವ ಮೊದಲೇ ಅವರನ್ನು ಹೊರಕ್ಕೆ ಕರೆಯುವ ಅಧಿಕಾರವೂ ಅವರಿಗಿರಬೇಕು.