ಹಳೆಯ ರೈಫಲ್ ಕಾಡತೂಸಿನ ತಳ ಓದುವುದು: ಒಂದು ಅಧ್ಯಯನ ಟಿಪ್ಪಣಿ

ಸೈನ್ಯದಲ್ಲಿದ್ದ ಹಿರಿಯರ ಪೆಟ್ಟಿಗೆ ತೆರೆದಾಗ ಪದಕ, ಫೋಟೋಗಳ ನಡುವೆ ಒಂದೆರಡು ರೈಫಲ್ ಗುಂಡು, ಅಂದರೆ ಕಾಡತೂಸು, ಸಿಗುವುದು ಅಪರೂಪವೇನಲ್ಲ. ಸಿಕ್ಕ ಕೂಡಲೇ ತಳ ತಿರುಗಿಸಿ ನೋಡುತ್ತೇವೆ. 43 ಎಂದು ಕಂಡರೆ 1943 ಅಂತ ತೀರ್ಮಾನಿಸಿಬಿಡುತ್ತೇವೆ. ಕೆಲವು ಸಲ ಅದು ಸರಿಯೂ ಇರುತ್ತದೆ. ಆದರೆ ಅದೇ ಜಾಗದಲ್ಲಿರುವ ಅಂಕಿ ಒಂದು ದೇಶದಲ್ಲಿ ಇಸವಿ, ಇನ್ನೊಂದರಲ್ಲಿ ತಿಂಗಳು, ಮತ್ತೊಂದರಲ್ಲಿ ಕಾರ್ಖಾನೆಯ ನಂಬರು. ಹಾಗಾಗಿ ಮೊದಲು ಯಾವ ಕಾಡತೂಸು, ಯಾವ ದೇಶದ್ದು ಎಂದು ಗೊತ್ತಾಗಬೇಕು. ಇಸವಿಯ ಮಾತು ಆಮೇಲೆ.

ಮುಟ್ಟುವ ಮೊದಲು

ಕಾಡತೂಸಿನಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಅಥವಾ ಉಕ್ಕಿನ ಕೇಸ್, ಅದರ ಬಾಯಲ್ಲಿ ಕೂತ ಬುಲೆಟ್, ಒಳಗೆ ಮದ್ದು, ತಳದ ನಡುವೆ ಪುಟ್ಟ ಕೇಪು. ಬಂದೂಕಿನ ಸೂಜಿ ಕೇಪಿಗೆ ಬಡಿದಾಗ ಕಿಡಿ ಹುಟ್ಟಿ ಮದ್ದು ಉರಿಯುತ್ತದೆ.

ಬುಲೆಟ್ ಇಲ್ಲದೆ ಬಾಯಿ ತೆರೆದಿದ್ದು, ಕೇಪಿನಲ್ಲಿ ತಗ್ಗು ಬಿದ್ದಿದ್ದರೆ ಅದು ಹಾರಿಸಿದ ಖಾಲಿ ಕೇಸ್. ಕೇಸ್‌ನ ಮೈಗೆ ತೂತು ಕೊರೆದಿದ್ದರೆ ಅದು ಬಹುಶಃ ಕವಾಯತಿಗೆ ಬಳಸುವ ಡ್ರಿಲ್ ರೌಂಡ್. ಬಾಯಿಯನ್ನು ನಕ್ಷತ್ರದಂತೆ ಮಡಚಿ ಮುಚ್ಚಿದ್ದರೆ ಬ್ಲ್ಯಾಂಕ್. ಅದರಲ್ಲಿ ಬುಲೆಟ್ ಇಲ್ಲದಿದ್ದರೂ ಮದ್ದು ಇರುತ್ತದೆ. ಜನ ಜಾಸ್ತಿ ಮೋಸಹೋಗುವುದು ಇನ್ನೊಂದು ಕಡೆ. ಕೇಪಿನಲ್ಲಿ ತಗ್ಗಿದೆ, ಆದರೆ ಬುಲೆಟ್ ಹಾಗೇ ಇದೆ. ‘ಹಾರಿಸಿ ಆಗಿದೆ’ ಎಂದು ಅದನ್ನು ಪಕ್ಕಕ್ಕಿಡುತ್ತಾರೆ. ಅದು ಹಾರದೆ ಉಳಿದ ಕಾಡತೂಸು. ಜೀವಂತ ಎಂದೇ ತಿಳಿಯಬೇಕು.

ಎಂಬತ್ತು ವರ್ಷ ಹಳೆಯದಾದರೂ ಮದ್ದು, ಕೇಪು ಕೆಲಸ ಮಾಡಬಲ್ಲವು. ಬುಲೆಟ್ ಎಳೆಯುವುದು, ಕೊರೆಯುವುದು, ಬಿಸಿ ಮಾಡುವುದು, ‘ಇದರ ಕಥೆ ಮುಗಿದಿದೆಯಾ ನೋಡೋಣ’ ಎಂದು ಬಂದೂಕಿಗೆ ಹಾಕುವುದು ಯಾವುದೂ ಬೇಡ. ಇದ್ದ ಜಾಗದಲ್ಲೇ ಬಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು, ಪೊಲೀಸರಿಗೆ ತಿಳಿಸಿ. ಬಹಳ ದೇಶಗಳಲ್ಲಿ ಲೈಸೆನ್ಸ್ ಇಲ್ಲದೆ ಒಂದೇ ಒಂದು ಜೀವಂತ ಕಾಡತೂಸು ಇಟ್ಟುಕೊಳ್ಳುವುದೂ ಅಪರಾಧ. ಬುಲೆಟ್‌ನ ಅಡ್ಡಳತೆ 20 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಅದು ಸಾಮಾನ್ಯ ರೈಫಲ್‌ನದ್ದೇ ಅಲ್ಲ. ಒಳಗೆ ಸ್ಫೋಟಕ ಇರಬಹುದು, ದೂರ ಇರಿ.

ಇನ್ನೊಂದು ಮಾತು: ಪಾಲಿಶ್ ಹಾಕಬೇಡಿ. ಅಪಾಯದ ಪ್ರಶ್ನೆ ಬಿಟ್ಟರೂ, ಕೇಪಿನ ಸುತ್ತ ಹಚ್ಚಿದ ಬಣ್ಣದ ಮೆರುಗು ಒಂದು ಸಾಕ್ಷಿ. ಹೊಳಪಿನ ಆಸೆಗೆ ಅದನ್ನೇ ಉಜ್ಜಿ ತೆಗೆದುಬಿಡುತ್ತೇವೆ.

ಅಳತೆ ಮತ್ತು ಆಕಾರ

ಮೊದಲು ತಳದ ಅಂಚು ನೋಡಿ. ಅದು ಕೇಸ್‌ನ ಮೈಗಿಂತ ಹೊರಕ್ಕೆ ಚಾಚಿದೆಯಾ? ಚಾಚಿದ್ದರೆ ರಿಮ್ಡ್. ಅಂಚು ಮೈಯಷ್ಟೇ ಅಗಲವಿದ್ದು ಅದರ ಮೇಲೆ ಸುತ್ತಲೂ ಒಂದು ತೋಡು ಕೊರೆದಿದ್ದರೆ ರಿಮ್‌ಲೆಸ್. ಎರಡು ಮಹಾಯುದ್ಧಗಳ ಕಾಲದ ಸಾಮಾನ್ಯ ಕಾಡತೂಸುಗಳಲ್ಲಿ ರಿಮ್ಡ್ ಎಂದರೆ ಮುಖ್ಯವಾಗಿ ಎರಡು. (ಹೆಸರಿನ ಮೊದಲ ಅಂಕಿ ಸುಮಾರಾಗಿ ನಳಿಕೆಯ ಒಳ ಅಡ್ಡಳತೆ: ಚುಕ್ಕಿಯಿಂದ ಶುರುವಾದರೆ ಇಂಚು, ಇಲ್ಲದಿದ್ದರೆ ಮಿಲಿಮೀಟರ್.) ಬ್ರಿಟಿಷರ .303ರ ಕೇಸ್ ಸುಮಾರು 56 ಮಿಲಿಮೀಟರ್ ಉದ್ದ. ರಷ್ಯದ 7.62×54 ಸ್ವಲ್ಪ ಗಿಡ್ಡ, ಆದರೆ ಅದರ ಅಂಚು .303ಕ್ಕಿಂತ ಅಗಲ. ರಿಮ್‌ಲೆಸ್ ಗುಂಪಿನಲ್ಲಿ ಜರ್ಮನಿಯ 7.92 ಮೌಸರ್ (ಕೇಸ್ ಉದ್ದ 57 ಮಿಲಿಮೀಟರ್), ಅಮೆರಿಕದ .30-06 (ಕೇಸ್ 63), 1950ರ ದಶಕದಲ್ಲಿ ಬಂದ ನೇಟೋದ 7.62 (ಕೇಸ್ 51) ಹೆಚ್ಚು ಸಿಗುತ್ತವೆ. ಉದ್ದ ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಆಯಿತು.

ಬುಲೆಟ್‌ನ ಮೂತಿಯೂ ಮಾತಾಡುತ್ತದೆ. 1900ರ ಆಸುಪಾಸಿನ ಸೈನ್ಯಗಳ ಬುಲೆಟ್ ಮೂತಿ ದುಂಡಗಿತ್ತು. ಜರ್ಮನಿ, ಅಮೆರಿಕ, ರಷ್ಯ, ಬ್ರಿಟನ್ ಎಲ್ಲ 1910ರೊಳಗೆ ಚೂಪು ಮೂತಿಗೆ ಬದಲಾದವು. .303ರಲ್ಲಿ ಚೂಪು ಮೂತಿಯ ಮಾರ್ಕ್ 7 (ಮಾರ್ಕ್ ಎಂದರೆ ವಿನ್ಯಾಸದ ಕ್ರಮಸಂಖ್ಯೆ) ಬಂದದ್ದು 1910ರಲ್ಲಿ. ದುಂಡು ಮೂತಿ ಇದ್ದರೆ ಅದಕ್ಕಿಂತ ಹಳೆಯ ವಿನ್ಯಾಸ. ಹಾಗಂತ ಇದನ್ನು ಎಲ್ಲ ಕಡೆ ಹೊರಿಸಬೇಡಿ. ಇಟಲಿಯ 6.5 ಕಾರ್ಕಾನೋ ಎರಡನೇ ಮಹಾಯುದ್ಧದಲ್ಲೂ ದುಂಡು ಮೂತಿಯಲ್ಲೇ ಇತ್ತು.

ತಳದ ಮುದ್ರೆ

ಈಗ ತಳಕ್ಕೆ ಬರೋಣ. ಒಂದೊಂದು ದೇಶದ ಪದ್ಧತಿ ಒಂದೊಂದು ಥರ.

ಬ್ರಿಟಿಷ್ ಪದ್ಧತಿಯ .303ರಲ್ಲಿ ಸಾಮಾನ್ಯವಾಗಿ ಮೂರು ಸಂಗತಿ ಇರುತ್ತವೆ: ಕಾರ್ಖಾನೆಯ ಅಕ್ಷರ, ಇಸವಿಯ ಕೊನೆಯ ಎರಡು ಅಂಕಿ, ಮಾರ್ಕ್ ಸಂಖ್ಯೆ. ಕೆ ಎಂದರೆ ಕೈನಾಕ್ ಕಂಪನಿ, ಆರ್‌ಎಲ್ ಎಂದರೆ ವೂಲ್‌ವಿಚ್‌ನ ರಾಯಲ್ ಲ್ಯಾಬೊರೇಟರಿ, ಎಂಎಫ್ ಎಂದರೆ ಆಸ್ಟ್ರೇಲಿಯದ ಫುಟ್‌ಸ್ಕ್ರೇ, ಕೆಎಫ್ ಎಂದರೆ ಪುಣೆಯ ಕಿರ್ಕಿ ಕಾರ್ಖಾನೆ. ಉದಾಹರಣೆಗೆ ಕೆ, 17, ರೋಮನ್ ಅಂಕಿಯಲ್ಲಿ 7 ಎಂದಿದ್ದರೆ ಕೈನಾಕ್, 1917, ಮಾರ್ಕ್ 7. ಇಲ್ಲಿ 7 ಎಂಬುದು 1907 ಅಲ್ಲ! ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ರೋಮನ್ ಅಂಕಿಯ ಬದಲು ಮಾಮೂಲಿ 7 ಬಂದ ಮೇಲಂತೂ ಈ ತಪ್ಪು ಇನ್ನೂ ಸುಲಭ. ಮಾರ್ಕ್ ಜೊತೆ ಜೆಡ್ ಅಕ್ಷರ ಇದ್ದರೆ ಒಳಗಿನ ಮದ್ದು ಕಾರ್ಡೈಟ್ ಅಲ್ಲ, ನೈಟ್ರೋಸೆಲ್ಯುಲೋಸ್. ಡಬ್ಲ್ಯೂ ಎಂದರೆ ಕವಚ ಸೀಳುವ ಬುಲೆಟ್, ಜಿ ಎಂದರೆ ಟ್ರೇಸರ್ (ಹಾರುವಾಗ ಬೆಳಕಿನ ಗೆರೆ ಬಿಡುವಂಥದ್ದು), ಬಿ ಎಂದರೆ ಬೆಂಕಿ ಹಚ್ಚುವಂಥದ್ದು. ಈ ಕೊನೆಯದರಲ್ಲಿ ಎಚ್ಚರ ಜಾಸ್ತಿ ಬೇಕು. ಮೊದಲ ಮಹಾಯುದ್ಧದ ಬಕಿಂಗ್‌ಹ್ಯಾಮ್ ಬುಲೆಟ್‌ಗಳಲ್ಲಿ ಇದ್ದದ್ದು ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುವ ರಂಜಕ (ಫಾಸ್ಫರಸ್). ತೀರಾ ಹಳೆಯ .303ಗಳಲ್ಲಿ ಇಸವಿಯೇ ಇರುವುದಿಲ್ಲ ಎಂಬುದೂ ನೆನಪಿರಲಿ.

ಜರ್ಮನ್ 7.92 ನನಗೆ ಅತಿ ಇಷ್ಟದ್ದು, ಏಕೆಂದರೆ ಬೇರೆ ಯಾರೂ ತಳದ ಮೇಲೆ ಇಷ್ಟು ಶಿಸ್ತಾಗಿ ಬರೆದಿಲ್ಲ. ಗಡಿಯಾರದ 12, 3, 6, 9ರ ಜಾಗದಲ್ಲಿ ನಾಲ್ಕು ಗುರುತು. 1930ರ ದಶಕದ ಕಾಡತೂಸಿನಲ್ಲಿ ಪಿ ಅಕ್ಷರ ಮತ್ತು ಸಂಖ್ಯೆ ಸೇರಿದ ಕಾರ್ಖಾನೆ ಗುರುತನ್ನು ಮೇಲಕ್ಕೆ ಹಿಡಿದು ಬಲಕ್ಕೆ ಸುತ್ತಿದರೆ ಲೋಹದ ಗುರುತು, ತಯಾರಿಕೆಯ ಲಾಟ್ ನಂಬರು, ಕೊನೆಗೆ ಇಸವಿ. ಲೋಹದ ಜಾಗದಲ್ಲಿ ಎಸ್ ಜೊತೆ ನಕ್ಷತ್ರ ಇದ್ದರೆ ಹಿತ್ತಾಳೆ, ಎಸ್‌ಟಿ ಇದ್ದರೆ ಉಕ್ಕು. 1940ರಿಂದ ಪಿ ಸಂಖ್ಯೆಗಳು ಹೋಗಿ ಅಕ್ಷರಗಳ ಗುಪ್ತ ಸಂಕೇತ ಬಂತು. ಮೊದಲ ಮಹಾಯುದ್ಧದ ಜರ್ಮನ್ ತಳದಲ್ಲಿ ಲಾಟ್ ನಂಬರಿಲ್ಲ, ತಿಂಗಳಿದೆ. ಅಂದರೆ 12 ಎಂಬ ಅಂಕಿ 1917ರಲ್ಲಿ ಡಿಸೆಂಬರ್, 1937ರಲ್ಲಿ ಬರೀ ಲಾಟ್. ತಳವನ್ನು ತಪ್ಪಾಗಿ ತಿರುಗಿಸಿ ಹಿಡಿದರೆ ಲಾಟೇ ಇಸವಿಯಾಗಿ ಕಾಣುತ್ತದೆ.

ಅಮೆರಿಕದ್ದು ಸರಳ. ಎಫ್‌ಎ ಎಂದರೆ ಫ್ರಾಂಕ್‌ಫರ್ಡ್ ಆರ್ಸೆನಲ್, ಎಲ್‌ಸಿ ಎಂದರೆ ಲೇಕ್ ಸಿಟಿ, ಎಸ್‌ಎಲ್ ಎಂದರೆ ಸೇಂಟ್ ಲೂಯಿಸ್. ಮೊದಲ ಮಹಾಯುದ್ಧದ ಹೊತ್ತಿನ ಎಫ್‌ಎ ತಳದಲ್ಲಿ 10 17 ಎಂದಿದ್ದರೆ ಅಕ್ಟೋಬರ್ 1917. ಒಂಟಿ 4 ಮಾತ್ರ ಕಂಡರೆ ಗಾಬರಿ ಬೇಡ, 1944ರಲ್ಲಿ ಕೆಲವು ಕಾರ್ಖಾನೆಗಳು ಅಷ್ಟನ್ನೇ ಒತ್ತಿದವು. ವೃತ್ತದೊಳಗೆ ಶಿಲುಬೆ ಇದ್ದರೆ ಅದು ನೇಟೋ ಗುರುತು. ಅದನ್ನು ಎರಡನೇ ಮಹಾಯುದ್ಧಕ್ಕೆ ತಳುಕು ಹಾಕುವಂತಿಲ್ಲ.

ಸೋವಿಯತ್ ಕಾಡತೂಸಿನಲ್ಲಿ ಹೆಸರಿಲ್ಲ, ಕಾರ್ಖಾನೆಯ ಸಂಖ್ಯೆ ಇರುತ್ತದೆ. 17 ಎಂದರೆ ಬಾರ್ನೌಲ್, 188 ಎಂದರೆ ನೊವೊಸಿಬಿರ್ಸ್ಕ್. ಹಾಗಾಗಿ ರಷ್ಯದ 17 ಇಸವಿ ಅಲ್ಲದಿರಬಹುದು. 1952ರಿಂದ 1956ರವರೆಗೆ ಇಸವಿಯ ಜಾಗದಲ್ಲೂ ರಷ್ಯನ್ ಅಕ್ಷರ ಹಾಕಿದರು: ಗ, ಡ, ಯೆ, ಇ, ಕ, ವರ್ಷಕ್ಕೊಂದರಂತೆ.

ಮುದ್ರೆಯೇ ಇಲ್ಲದಿದ್ದರೆ? ಅದೂ ಸುಳಿವೇ. ಜಪಾನಿನ ಭೂಸೇನೆಯ ರೈಫಲ್ ಕಾಡತೂಸುಗಳ ತಳ ಸಾಮಾನ್ಯವಾಗಿ ಬೋಳು. ಆದರೆ ಜಪಾನಿನ ನೌಕಾಪಡೆಯ 7.7 ಮತ್ತು .303 ಅಳತೆಯಲ್ಲಿ ಒಂದೇ. ಅಳತೆ ಒಂದನ್ನೇ ನಂಬಿ ‘ಬ್ರಿಟಿಷರದ್ದು’ ಎಂದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಬಣ್ಣ

ಬಣ್ಣವನ್ನು ಕೊನೆಯ ಸಾಕ್ಷಿಯಾಗಿ ಮಾತ್ರ ಬಳಸಿ. ಕೇಪಿನ ಸುತ್ತ ಕೆಂಪು ಉಂಗುರ .303ರಲ್ಲಿ ಟ್ರೇಸರ್, ಜರ್ಮನ್ 7.92ರಲ್ಲಿ ಕವಚ ಸೀಳುವ ಬುಲೆಟ್. ಸೋವಿಯತ್ ಬುಲೆಟ್‌ನ ಹಸಿರು ತುದಿ ಎಂದರೆ ಟ್ರೇಸರ್, .303ರ ಹಸಿರು ಉಂಗುರ ಎಂದರೆ ಕವಚ ಸೀಳುವಂಥದ್ದು. ಸಾಮಾನ್ಯ .303ರಲ್ಲಿ ನೇರಳೆ, ಜಪಾನಿನದ್ದರಲ್ಲಿ ಗುಲಾಬಿ. ದೇಶ ಗೊತ್ತಿಲ್ಲದೆ ಬಣ್ಣ ಓದುವುದು ಸುಮ್ನೆ ಊಹೆ ಅಷ್ಟೇ.

ಇಸವಿ ಸಿಕ್ಕಿತು, ಆಮೇಲೆ?

ತಳದ ಇಸವಿ ಹೇಳುವುದು ಕೇಸ್ ಯಾವಾಗ ತಯಾರಾಯಿತು ಎಂದು ಮಾತ್ರ. ಅದು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತು ಆಮೇಲೆ ಸೈನಿಕನ ಕೈಗೆ ಬಂದಿರಬಹುದು. ಹಾರಿಸಿದ ಕೇಸ್‌ಗೆ ಯಾರೋ ಮತ್ತೆ ಮದ್ದು ತುಂಬಿರಬಹುದು. ಹಾಗಾಗಿ 1943ರ ಕಾಡತೂಸು ಸಿಕ್ಕರೆ ‘ತಾತ 1943ರಲ್ಲಿ ಯುದ್ಧದಲ್ಲಿದ್ದರು’ ಎಂದು ಸಾಬೀತಾಗುವುದಿಲ್ಲ. ಆದರೆ ಉಲ್ಟಾ ದಿಕ್ಕಿನಲ್ಲಿ ಈ ಸಾಕ್ಷಿ ಗಟ್ಟಿ. ಮೊದಲ ಮಹಾಯುದ್ಧದಿಂದ ತಂದದ್ದು ಎಂದು ಮನೆಯವರು ಹೇಳಿಕೊಂಡು ಬಂದಿರುವ ಕೇಸ್‌ನ ತಳದಲ್ಲಿ 1938 ಇದ್ದರೆ ಆ ಕಥೆಯನ್ನು ತಿದ್ದಲೇಬೇಕು. ಪಕ್ಕದಲ್ಲಿ ಐದು ಗುಂಡು ಹಿಡಿಯುವ ಚಾರ್ಜರ್ ಕ್ಲಿಪ್ಪೋ, ಲೇಬಲ್ ಇರುವ ರಟ್ಟಿನ ಪೊಟ್ಟಣವೋ ಇದ್ದರೆ ಅವುಗಳ ಬರಹವನ್ನೂ ಫೋಟೋ ತೆಗೆದಿಡಿ. ಕೆಲವು ಪೊಟ್ಟಣಗಳ ಮೇಲೆ ಮದ್ದು ತುಂಬಿದ ತಾರೀಖೇ ಅಚ್ಚಾಗಿರುತ್ತದೆ, ತಳದ ಮುದ್ರೆ ಹೇಳದ ವಿಷಯ ಅದು.