ಎಐ ಮಾರ್ಗದರ್ಶನ ತಂಡ: ಯಾರು ಕೂರಬೇಕು, ಯಾರು ತೀರ್ಮಾನಿಸಬೇಕು

ಕೆಲಸದ ಜಾಗಕ್ಕೆ ಎಐ ಬರುವಾಗ ಅದಕ್ಕೆ ದಾರಿ ತೋರಲು ಬೇರೆ ಬೇರೆ ವಿಭಾಗದವರನ್ನು ಸೇರಿಸಿ ತಂಡ ಕಟ್ಟುವುದು ಹೇಗೆ ಎಂಬುದು ಈ ವಾರದ ಪಾಠ. ಮಂಗಳೂರಿನ ಸಂಜೆ ತರಗತಿಗೆ ಪಾಳಿಯ ಕಾರಣದಿಂದ ಬರಲಾಗದವರು ನಮ್ಮ ಬಳಗದಲ್ಲಿ ಹಲವರಿದ್ದಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ. ಎಐ ಎಂದರೇನು, ಯಾವ ಸಾಧನ ಏನು ಮಾಡುತ್ತದೆ ಎಂಬ ಭಾಗವನ್ನು ಬಿಟ್ಟಿದ್ದೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಪಠ್ಯದಲ್ಲಿ ಒಂದೇ ಸಾಲಿಗೆ ಮುಗಿದುಹೋದ ಹೊಣೆಗಾರಿಕೆಯ ವಿಚಾರ ಮಾತ್ರ ನನಗೆ ಸುಲಭವಾಗಿ ದಕ್ಕಲಿಲ್ಲ. ಹಾಗಾಗಿ ಟಿಪ್ಪಣಿ ಅಲ್ಲಿ ಉದ್ದವಾಗಿದೆ.

ತಂಡ ಏಕೆ ಬೇಕು

ಇದಕ್ಕೆ ಎರಡು ಪ್ರಕರಣ ನೆನಪಿದ್ದರೆ ಸಾಕು. ಸ್ಯಾಮ್ಸಂಗ್ ಕಂಪನಿಯ ಉದ್ಯೋಗಿಗಳು ಒಳಗಿನ ಸೋರ್ಸ್ ಕೋಡನ್ನು, ಅಂದರೆ ತಂತ್ರಾಂಶದ ಮೂಲ ಬರಹವನ್ನು, ಚಾಟ್‌ಜಿಪಿಟಿಗೆ ಹಾಕಿದ್ದು 2023ರಲ್ಲಿ ಸುದ್ದಿಯಾಯಿತು. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಇಂಥ ಸಾಧನಗಳ ಬಳಕೆಯನ್ನೇ ನಿರ್ಬಂಧಿಸಿತು. ಇನ್ನೊಂದು ಏರ್ ಕೆನಡಾ ಎಂಬ ವಿಮಾನ ಕಂಪನಿಯದ್ದು. ಕುಟುಂಬದಲ್ಲಿ ಸಾವಾದಾಗ ಸಿಗುವ ರಿಯಾಯಿತಿ ದರವನ್ನು ಪ್ರಯಾಣ ಮುಗಿದ ಮೇಲೂ ಕೇಳಬಹುದು ಎಂದು ಅದರ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ಹೇಳಿತು. ಕಂಪನಿಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೂ ಕಂಪನಿಯೇ ಹೊಣೆ ಎಂದು 2024ರ ಫೆಬ್ರುವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ತೀರ್ಪು ಕೊಟ್ಟಿತು.

ಮೊದಲನೆಯದರಲ್ಲಿ ಏನನ್ನು ಯಂತ್ರದ ಒಳಗೆ ಹಾಕಬಹುದು ಎಂಬ ಪ್ರಶ್ನೆಯಿದೆ, ಎರಡನೆಯದರಲ್ಲಿ ಯಂತ್ರದಿಂದ ಏನು ಹೊರಬರಬಹುದು ಎಂಬ ಪ್ರಶ್ನೆ. ಈ ಎರಡಕ್ಕೂ ಕಂಪ್ಯೂಟರ್ ವಿಭಾಗವೊಂದೇ ಉತ್ತರ ಹೇಳಲಾರದು. ತಂಡ ಬೇಕಾಗುವುದು ಇಲ್ಲಿ.

ಒಂದು ಕಾಗದದ ಹಿಂದೆ ಹೋಗಿ

ಸದಸ್ಯರನ್ನು ಆರಿಸುವುದು ಹೇಗೆ? ವಿಭಾಗಕ್ಕೊಬ್ಬರಂತೆ ಮುಖ್ಯಸ್ಥರನ್ನು ಕರೆದು ಕೂರಿಸುವುದು ಎಲ್ಲೆಡೆಯ ರೂಢಿ. ನನಗೆ ಅದು ಸರಿಕಾಣುವುದಿಲ್ಲ. ಹಾಗೆ ಮಾಡಿದರೆ ಎಲ್ಲ ವಿಭಾಗಗಳೂ ಬಂದಿರುತ್ತವೆ, ಕೆಲಸ ಬಲ್ಲವರು ಮಾತ್ರ ಹೊರಗೆ ಉಳಿದಿರುತ್ತಾರೆ. ನಾನು ಹಿಡಿದಿರುವ ಒಳದಾರಿ ಇಷ್ಟು: ಎಐಯನ್ನು ಯಾವ ಕೆಲಸಕ್ಕೆ ಬಳಸಬೇಕೆಂದಿದ್ದೀರೋ ಆ ಕೆಲಸದ ಒಂದು ಕಾಗದವನ್ನು ಹಿಡಿದು, ಅದು ಯಾರ ಯಾರ ಕೈ ದಾಟುತ್ತದೆ ಎಂದು ಹಿಂದೆಯೇ ನಡೆಯುವುದು.

ನನಗೆ ಗೊತ್ತಿರುವ ಗೇರುಬೀಜದ ಕೆಲಸವನ್ನೇ ತೆಗೆದುಕೊಳ್ಳುತ್ತೇನೆ. ಬೈಕಂಪಾಡಿಯ ಒಂದು ಕಾರ್ಖಾನೆಗೆ ವಿದೇಶದ ಖರೀದಿದಾರರಿಂದ ಮೇಲ್ ಬರುತ್ತದೆ ಎಂದಿಟ್ಟುಕೊಳ್ಳಿ: ಡಬ್ಲ್ಯು 320 ಗ್ರೇಡ್, ಒಂದು ಕಂಟೇನರ್, ದರ ಎಷ್ಟು, ಯಾವಾಗ ಹಡಗಿಗೆ ಹಾಕುತ್ತೀರಿ? ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಬಿಳಿ ಇಡಿ ತಿರುಳು. 50 ಪೌಂಡಿನ ಪೆಟ್ಟಿಗೆಗಳಾದರೆ 20 ಅಡಿಯ ಕಂಟೇನರಿಗೆ 700, ಅಂದರೆ 16 ಟನ್ನಿಗೆ ಸ್ವಲ್ಪ ಕಡಿಮೆ. ಈ ಮೇಲ್‌ಗೆ ಉತ್ತರದ ಕರಡನ್ನು ಎಐ ಬರೆಯಲಿ ಎಂಬುದು ಯೋಜನೆ.

ಈಗ ನಡೆಯೋಣ. ಮೇಲ್ ಮೊದಲು ತಲುಪುವುದು ರಫ್ತು ವಿಭಾಗದ ಗುಮಾಸ್ತೆಗೆ. ಆಕೆ ಗ್ರೇಡಿಂಗ್ ಮೇಲ್ವಿಚಾರಕಿಯನ್ನು ಕೇಳುತ್ತಾರೆ: 320 ಎಷ್ಟು ಪ್ಯಾಕ್ ಆಗಿದೆ, ಬೋರ್ಮಾದಲ್ಲಿ (ತಿರುಳು ಒಣಗಿಸುವ ಬಿಸಿಗೂಡಿನಲ್ಲಿ) ಎಷ್ಟಿದೆ, ಸಿಪ್ಪೆ ತೆಗೆಯುವಲ್ಲಿ ಎಷ್ಟಿದೆ? ಗುಣಮಟ್ಟ ನೋಡುವವರು ತೇವಾಂಶ ಶೇ 5 ಮೀರಿಲ್ಲ ಎಂದು ಖಚಿತಪಡಿಸಬೇಕು. ಲೆಕ್ಕಪತ್ರದವರು ಡಾಲರ್ ದರ ನೋಡಬೇಕು. ಪಣಂಬೂರಿನ ಹಡಗು ಏಜೆಂಟರು ತಾರೀಖು ಹೇಳಬೇಕು. ಕೊನೆಗೆ ದರಕ್ಕೆ ಧಣಿಗಳ ಒಪ್ಪಿಗೆ.

ಎಐಗೆ ಕಾಣುವುದು ಈ ಮೇಲ್ ಮತ್ತು ಹಳೆಯ ಮೇಲ್‌ಗಳು ಮಾತ್ರ. ಹಿಂದೆಲ್ಲ ಮೂರು ವಾರದಲ್ಲಿ ಸರಕು ಹೋಗಿದ್ದರೆ ಈ ಸಲವೂ ಅದು ಧೈರ್ಯವಾಗಿ ಮೂರು ವಾರ ಎಂದೇ ಬರೆಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅಂಗಳದಲ್ಲಿ ಬೀಜ ಒಣಗುವುದಿಲ್ಲ, ಒಣಗಿಸಿಟ್ಟ ದಾಸ್ತಾನು ಮುಗಿದರೆ ಕೆಲಸ ಹಿಂದೆ ಬೀಳುತ್ತದೆ ಎಂಬ ಸಂಗತಿ ಯಾವ ಮೇಲ್‌ನಲ್ಲೂ ಬರೆದಿರುವುದಿಲ್ಲ. ಅದು ಇರುವುದು ಅಂಗಳ ನೋಡಿಕೊಳ್ಳುವವರ ಮತ್ತು ಆ ಮೇಲ್ವಿಚಾರಕಿಯ ತಲೆಯಲ್ಲಿ.

ಹಾಗಾದರೆ ದಾರಿಯಲ್ಲಿ ಸಿಕ್ಕಿದ ಎಲ್ಲರೂ ತಂಡಕ್ಕೆ ಬೇಕೇ? ಬೇಡ. ಸಿಕ್ಕಿದ ಪ್ರತಿಯೊಬ್ಬರ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಎಲ್ಲೂ ಬರೆದಿಡದ ತಿಳಿವಳಿಕೆಯನ್ನು ಇವರು ಈ ಕಾಗದಕ್ಕೆ ಸೇರಿಸುತ್ತಾರೆಯೇ? ಸೇರಿಸುವವರು ತಂಡದಲ್ಲಿ ಇರಲೇಬೇಕು, ಅವರ ಹುದ್ದೆ ಎಷ್ಟೇ ಚಿಕ್ಕದಿರಲಿ. ಕಾಗದವನ್ನು ಮುಂದಕ್ಕೆ ದಾಟಿಸುವವರು ಮಾತ್ರ ಆಗಿದ್ದರೆ ಅವರಿಗೆ ವಿಷಯ ತಿಳಿಸಿದರೆ ಸಾಕು. ಈ ಲೆಕ್ಕದಲ್ಲಿ ಗ್ರೇಡಿಂಗ್ ಮೇಲ್ವಿಚಾರಕಿ ಒಳಗೆ ಬರುತ್ತಾರೆ. ಡಾಲರ್ ದರ ಎಲ್ಲರೂ ನೋಡಬಹುದಾದ ಅಂಕಿ, ಆದ್ದರಿಂದ ಅದನ್ನು ನೋಡಿ ಹೇಳುವವರು ಹೊರಗೆ ಉಳಿಯಬಹುದು. ಹುದ್ದೆಯ ಪಟ್ಟಿ ನೋಡಿ ಆರಿಸಿದ್ದರೆ ಇದು ತಿರುಗುಮುರುಗು ಆಗುತ್ತಿತ್ತು.

ಕಾಗದ ದಾಟದಿದ್ದರೂ ಬೇಕಾದವರು ಮೂವರು: ಮಾಹಿತಿ ಭದ್ರತೆ ಬಲ್ಲ ಕಂಪ್ಯೂಟರ್ ವಿಭಾಗದವರು, ಮಾನವ ಸಂಪನ್ಮೂಲ ಅಥವಾ ಕಾನೂನು ನೋಡುವವರು, ಹಣ ಬಿಡುಗಡೆ ಮಾಡುವ ಅಧಿಕಾರವಿರುವವರು. ಒಟ್ಟು ಏಳೆಂಟು ಜನಕ್ಕಿಂತ ಹೆಚ್ಚಾದರೆ ಕೂಡಿ ಕೂರುವ ದಿನ ಹೊಂದಿಸುವುದೇ ದೊಡ್ಡ ಕೆಲಸವಾಗುತ್ತದೆ.

ಹೊಣೆ ಯಾರದು: ಎಲ್ಲರೂ ಸಿಕ್ಕಿಕೊಳ್ಳುವ ಜಾಗ

ಪಾಠದಲ್ಲಿ ರೇಸಿ (RACI) ಪಟ್ಟಿ ಎಂಬುದು ಬರುತ್ತದೆ. ಒಂದು ಕೆಲಸಕ್ಕೆ ನಾಲ್ಕು ಬಗೆಯ ಸಂಬಂಧ: ಮಾಡುವವರು, ಉತ್ತರ ಕೊಡಬೇಕಾದವರು, ಮೊದಲೇ ಕೇಳಬೇಕಾದವರು, ಆಮೇಲೆ ತಿಳಿಸಬೇಕಾದವರು. ಮಾಡುವವರು ಎಷ್ಟು ಜನವೂ ಇರಬಹುದು. ಉತ್ತರ ಕೊಡಬೇಕಾದವರು ಒಬ್ಬರೇ. ಓದುವಾಗ ಸಲೀಸಾಗಿದೆ. ತಂಡಕ್ಕೆ ಅನ್ವಯಿಸಲು ಹೊರಟಾಗ ಗೋಜಲು ಶುರುವಾಗುತ್ತದೆ: ಎಂಟು ಜನ ಕೂತು ಸರ್ವಾನುಮತದಿಂದ ತೀರ್ಮಾನಿಸಿದ್ದಕ್ಕೆ ಉತ್ತರ ಕೊಡುವವರು ಒಬ್ಬರೇ ಹೇಗಾದಾರು? ತಂಡವೇ ಉತ್ತರ ಕೊಡಲಿ ಎಂದರೆ ತಪ್ಪೇನು?

ನಮ್ಮ ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ನೆನಪಿಸಿಕೊಳ್ಳಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರುಗಳ ಸಾಲೇ ಇರುತ್ತದೆ. ಆದರೆ ಹೊರೆಕಾಣಿಕೆ, ಚಪ್ಪರ, ಪಾಕಶಾಲೆ ಹೀಗೆ ಒಂದೊಂದು ಸಮಿತಿಗೂ ಒಬ್ಬ ಸಂಚಾಲಕರ ಹೆಸರಿರುತ್ತದೆ. ಮೂರನೆಯ ಪಂಕ್ತಿಗೆ ಅನ್ನ ಸಾಲದಾದರೆ ಊರವರು ಅಧ್ಯಕ್ಷರನ್ನು ಹುಡುಕುವುದಿಲ್ಲ, ಪಾಕಶಾಲೆಯ ಸಂಚಾಲಕರನ್ನು ಹುಡುಕುತ್ತಾರೆ. ಊಟದ ಬಗ್ಗೆ ಇಡೀ ಸಮಿತಿ ಕೂತು ಮಾತಾಡಿರಬಹುದು. ಹಾಗಿದ್ದರೂ ಅನ್ನಕ್ಕೆ ಉತ್ತರ ಕೊಡುವವರು ಒಬ್ಬರೇ.

ನನಗೆ ಬೀಗ ತೆರೆದದ್ದು ಇಲ್ಲಿ. 'ಎಐ ಬಳಕೆ' ಎಂಬ ಒಂದೇ ಸಾಲನ್ನು ಪಟ್ಟಿಯಲ್ಲಿ ಬರೆದರೆ ಅದಕ್ಕೆ ಒಬ್ಬರ ಹೆಸರು ಹಾಕಲು ಸಾಧ್ಯವೇ ಇಲ್ಲ. ಯಾಕೆಂದರೆ ಅದು ಒಂದು ತೀರ್ಮಾನವಲ್ಲ, ಬೇರೆ ಬೇರೆ ತೀರ್ಮಾನಗಳ ಗಂಟು. ಗಂಟನ್ನು ಬಿಚ್ಚಿ ಸಾಲು ಸಾಲಾಗಿ ಬರೆಯಬೇಕು. ಗೇರುಬೀಜದ ಉದಾಹರಣೆಯಲ್ಲಿ ನಾನು ಬರೆದ ಸಾಲುಗಳು ಹೀಗಿವೆ.

ಎಐಯನ್ನು ಯಾವ ಕೆಲಸಕ್ಕೆ ಹಚ್ಚಬೇಕು: ಉತ್ತರ ಕೊಡಬೇಕಾದವರು ಕಾರ್ಖಾನೆಯ ವ್ಯವಸ್ಥಾಪಕರು.

ಯಾವ ಮಾಹಿತಿಯನ್ನು ಅದರೊಳಗೆ ಹಾಕಬಹುದು: ಇಲ್ಲಿ ಕಂಪ್ಯೂಟರ್ ವಿಭಾಗದವರ ಹೆಸರು ಬರೆಯಲು ಕೈ ತಾನಾಗಿ ಹೋಗುತ್ತದೆ. ನನ್ನ ಅಭಿಪ್ರಾಯ ಬೇರೆ. ಆ ಮಾಹಿತಿ ಯಾರ ಸುಪರ್ದಿಯಲ್ಲಿದೆಯೋ ಅವರೇ ಉತ್ತರ ಕೊಡಬೇಕು. ಖರೀದಿದಾರರ ದರಪಟ್ಟಿ ಹೊರಗೆ ಹೋದರೆ ಏನಾಗುತ್ತದೆ ಎಂಬುದು ರಫ್ತು ವಿಭಾಗಕ್ಕೆ ಗೊತ್ತು, ಸಂಬಳದ ಪಟ್ಟಿಯ ಸೂಕ್ಷ್ಮ ಲೆಕ್ಕಪತ್ರದವರಿಗೆ ಗೊತ್ತು. ಕಂಪ್ಯೂಟರ್ ವಿಭಾಗವನ್ನು ಮೊದಲೇ ಕೇಳಬೇಕು, ಅಷ್ಟೇ. ಮಾಹಿತಿ ಎರಡು ಬಗೆಯದಾದರೆ ಸಾಲೂ ಎರಡಾಗಲಿ.

ಕರಡು ಯಾವಾಗ ಹೊರಗೆ ಹೋಗಬಹುದು: ರಫ್ತು ವ್ಯವಸ್ಥಾಪಕರು. ಗುಣಮಟ್ಟ ನೋಡುವವರನ್ನು ಮೊದಲೇ ಕೇಳಬೇಕು. ಕಳುಹಿಸುವ ಗುಂಡಿ ಒತ್ತುವುದು ಗುಮಾಸ್ತೆ, ಆದರೆ ಅವರು ಮಾಡುವವರು. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಂತ್ರ ಬರೆದ ತಪ್ಪಿಗೆ ಗುಂಡಿ ಒತ್ತಿದವರ ತಲೆದಂಡವಾದರೆ ಮರುದಿನದಿಂದ ಯಾರೂ ತಪ್ಪನ್ನು ತಂಡದ ಮುಂದೆ ತರುವುದಿಲ್ಲ. ತಪ್ಪುಗಳು ಬಾರದ ತಂಡಕ್ಕೆ ಕಲಿಯಲು ಏನೂ ಉಳಿಯುವುದಿಲ್ಲ.

ಯಾವಾಗ ನಿಲ್ಲಿಸಬೇಕು: ಇದು ಬೇರೆ ಜಾತಿಯ ಸಾಲು. ನಿಲ್ಲಿಸುವ ಹಕ್ಕು ಬಳಸುವ ಎಲ್ಲರಿಗೂ ಇರಲಿ. ನಿಂತದ್ದನ್ನು ಮತ್ತೆ ಶುರುಮಾಡುವ ತೀರ್ಮಾನಕ್ಕೆ ಮಾತ್ರ ಒಬ್ಬರ ಹೆಸರು ಬರೆಯಿರಿ.

ಪಟ್ಟಿ ಸರಿಯಾಗಿದೆಯೇ ಎಂದು ನೋಡಲು ಒಂದು ಜಗಳವನ್ನು ಕಲ್ಪಿಸಿಕೊಳ್ಳಿ. ತೇವಾಂಶದ ವರದಿ ಇನ್ನೂ ಬಂದಿಲ್ಲ, ಉತ್ತರ ಕಳುಹಿಸಬೇಡಿ ಎನ್ನುತ್ತಾರೆ ಗುಣಮಟ್ಟದವರು. ಖರೀದಿದಾರರು ಕೈತಪ್ಪುತ್ತಾರೆ, ಕಳುಹಿಸಿ ಎನ್ನುತ್ತಾರೆ ರಫ್ತು ವ್ಯವಸ್ಥಾಪಕರು. ಪಟ್ಟಿಯ ಪ್ರಕಾರ ಗುಣಮಟ್ಟದವರು 'ಮೊದಲೇ ಕೇಳಬೇಕಾದವರು'. ಕೇಳಿ ಆಯಿತು, ಇನ್ನು ವ್ಯವಸ್ಥಾಪಕರು ತಮ್ಮ ತೀರ್ಮಾನದಂತೆ ನಡೆಯಬಹುದು. ಕೇಳುವುದು ಬೇರೆ, ಅಪ್ಪಣೆ ಪಡೆಯುವುದು ಬೇರೆ. ಛೆ, ಹಾಗೆ ಕಳುಹಿಸಬಾರದು ಎಂದು ನಿಮಗೆ ಅನ್ನಿಸಿದರೆ, ಗುಣಮಟ್ಟದವರಿಗೆ ತಡೆಯುವ ಅಧಿಕಾರ ಇರಬೇಕೆಂಬುದೇ ನಿಮ್ಮ ಮನಸ್ಸಿನಲ್ಲಿದ್ದ ಮಾತು. ಆಗ ಅದನ್ನು ವ್ಯಕ್ತಿಗೆ ಕೊಡುವ ಬದಲು ನಿಯಮವಾಗಿ ಬರೆಯುವುದು ಮೇಲು: ತೇವಾಂಶದ ವರದಿ ಕೈಗೆ ಬಾರದೆ ಗುಣಮಟ್ಟದ ಮಾತಿರುವ ಯಾವ ಉತ್ತರವೂ ಹೊರಗೆ ಹೋಗಬಾರದು. ವ್ಯಕ್ತಿ ರಜೆಯಲ್ಲಿದ್ದರೂ ನಿಯಮ ಇರುತ್ತದೆ.

ಕೇಳುವುದಕ್ಕೂ ತಿಳಿಸುವುದಕ್ಕೂ ಇರುವ ಗೆರೆ ತೀರ್ಮಾನದ ಹೊತ್ತು. ಅದಕ್ಕೆ ಮುಂಚೆ, ಮಾತು ಬದಲಿಸುವ ಅವಕಾಶ ಇರುವಾಗಲೇ ಹೋದರೆ ಕೇಳಿದಂತೆ. ಆಮೇಲೆ ಹೋದರೆ ತಿಳಿಸಿದಂತೆ. ಪಟ್ಟಿಯಲ್ಲಿ ಕೇಳಬೇಕಾದವರು ಎಂದು ಬರೆದು, ಮುಗಿದ ಮೇಲೆ ಸುತ್ತೋಲೆ ಕಳುಹಿಸುವುದು ಅನ್ಯಾಯ.

ದುಡಿಯುವವರ ಕುರ್ಚಿ

ಯಂತ್ರದ ತೀರ್ಮಾನದಲ್ಲಿ ದುಡಿಯುವವರಿಗೂ ಜಾಗ ಬೇಕು ಎನ್ನಲು ಕರಾವಳಿಯವರಾದ ನಮಗೆ ದೂರದ ಉದಾಹರಣೆ ಬೇಡ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದವು. 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬ್ಯಾಂಕಿನಲ್ಲಿ ದುಡಿದ ಒಬ್ಬರಾದರೂ ಇಲ್ಲದ ಕುಟುಂಬ ಇಲ್ಲಿ ಅಪರೂಪ. ಆ ಹಿರಿಯರನ್ನು ಕೇಳಿದರೆ ಕಂಪ್ಯೂಟರ್ ಬಂದ ಕಾಲದ ಕಥೆ ಹೇಳುತ್ತಾರೆ. ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ಭಾರತೀಯ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ 1983ರಲ್ಲಿ ಒಪ್ಪಂದವಾಯಿತು, ಸಿ. ರಂಗರಾಜನ್ ಸಮಿತಿಯ ವರದಿ 1984ರಲ್ಲಿ ಬಂತು. ಯಂತ್ರ ಎಲ್ಲಿ ಬರಬೇಕು, ಎಷ್ಟರ ಮಟ್ಟಿಗೆ ಬರಬೇಕು ಎಂಬುದು ಆಗ ನೌಕರರೊಡನೆ ಕೂತು ಮಾತಾಡುವ ವಿಷಯವಾಗಿತ್ತು. ಎಐ ವಿಚಾರದಲ್ಲಿಯೂ ಅದು ಹಾಗೆಯೇ ಇರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಕಾನೂನಿನ ಎಳೆಯೂ ಇದೆ. ಕಾರ್ಮಿಕರ ಕಡಿತಕ್ಕೆ ಎಡೆಮಾಡಬಹುದಾದ ತಾಂತ್ರಿಕ ಸುಧಾರಣೆ ತರುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕು ಎಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ಮಾನವ ಸಂಪನ್ಮೂಲದವರು ತಂಡದಲ್ಲಿ ಏಕೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಬರೆಯಬಹುದು.

ಪರೀಕ್ಷೆಗೆ ಬೇಕಾದ ಹೆಸರುಗಳು

ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2023ರ ಜನವರಿಯಲ್ಲಿ ಎಐ ಅಪಾಯ ನಿರ್ವಹಣೆಯ ಚೌಕಟ್ಟನ್ನು ಹೊರತಂದಿತು. ಅದರಲ್ಲಿ ನಾಲ್ಕು ಕೆಲಸ: ಆಡಳಿತ, ಗುರುತಿಸುವುದು, ಅಳೆಯುವುದು, ನಿಭಾಯಿಸುವುದು. ಆಡಳಿತ ಉಳಿದ ಮೂರರಲ್ಲೂ ಹಾಸುಹೊಕ್ಕಾಗಿರುತ್ತದೆ. ಎಐ ನಿರ್ವಹಣಾ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 42001 ಪ್ರಕಟವಾದದ್ದು 2023ರ ಡಿಸೆಂಬರಿನಲ್ಲಿ. ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 2023ರದ್ದೇ. ದತ್ತಾಂಶ ಸೋರದಂತೆ ತಕ್ಕ ಭದ್ರತೆ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಸಹಕಾರಿ ಸಂಘ, ಆಸ್ಪತ್ರೆಗಳಲ್ಲಿರುವವರು ಇದನ್ನು ಮರೆಯಬಾರದು.

ಸಭೆ ನಡೆಸುವುದು

ಹದಿನೈದು ದಿನಕ್ಕೊಮ್ಮೆ, ಒಂದು ಗಂಟೆ. ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಡೆಯಲಿ, ನಿರ್ಣಯವನ್ನು ಮಾತ್ರ ಎಲ್ಲರೂ ಓದಬಲ್ಲ ಕನ್ನಡದಲ್ಲಿ ಬರೆಯಬೇಕು. ಸಭೆ ಇಂಗ್ಲಿಷಿನಲ್ಲಿ ನಡೆದರೆ ಆ ಗ್ರೇಡಿಂಗ್ ಮೇಲ್ವಿಚಾರಕಿ ಮೊದಲ ದಿನವೇ ಮೌನವಾಗುತ್ತಾರೆ, ಅವರನ್ನು ಕರೆದ ಉದ್ದೇಶವೇ ಹಾಳಾಗುತ್ತದೆ. ಸಭೆ ಪಾಳಿಯ ಹೊತ್ತಿನಲ್ಲೇ ಇರಲಿ, ಆ ಗಂಟೆಯ ಕೂಲಿ ಅವರಿಗೆ ಸಿಗಲಿ. ಪ್ರತಿ ಸಭೆಗೂ ಎಐ ಬರೆದ ಒಂದೆರಡು ಕರಡುಗಳನ್ನು, ತಿದ್ದುವ ಮುನ್ನ ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾರು ಏನನ್ನು ತಿದ್ದಿದರು ಎಂಬುದರಲ್ಲೇ ತಂಡದಲ್ಲಿ ಇನ್ನೂ ಯಾರು ಇರಬೇಕಿತ್ತು ಎಂಬುದು ಗೊತ್ತಾಗುತ್ತದೆ.

ಮುಂದಿನ ತರಗತಿಗೆ ಎಲ್ಲರೂ ಒಂದೊಂದು ಕಾಗದದ ದಾರಿಯನ್ನು ಬರೆದು ತನ್ನಿ. ಆಸ್ಪತ್ರೆಯವರು ಡಿಸ್ಚಾರ್ಜ್ ಸಮ್ಮರಿಯನ್ನು, ಸಹಕಾರಿ ಸಂಘದವರು ಸಾಲದ ಅರ್ಜಿಯನ್ನು, ಕಾಲೇಜು ಕಚೇರಿಯವರು ಪ್ರವೇಶದ ಅರ್ಜಿಯನ್ನು ತೆಗೆದುಕೊಳ್ಳಬಹುದು. ಹೆಸರುಗಳ ಬದಲು ಹುದ್ದೆಗಳನ್ನು ಬರೆಯಿರಿ. ರೇಸಿ ಪಟ್ಟಿಯನ್ನು ತರಗತಿಯಲ್ಲಿ ಒಟ್ಟಿಗೆ ತುಂಬಿಸೋಣ.